ಯಾರೂ ಕೊನೆತನಕ ಕೇಳದ ಹಾಡು

ನಾನು ಒಂದು ಬೇಸ್ ಗಿಟಾರ್. ಹಾಡಿನ ಅಡಿಯಲ್ಲಿ ಗುಂ ಗುಂ ಎನ್ನುವವನು ನಾನೇ. ಹೆಸರು ಮಾತ್ರ ಹಾಡುವವರಿಗೆ. ಕಲ್ಕತ್ತೆಯ ಒಂದು ಕಾರ್ಖಾನೆಯಲ್ಲಿ ಹುಟ್ಟಿ ರೈಲಿನಲ್ಲಿ ಹುಬ್ಬಳ್ಳಿಗೆ ಬಂದೆ. ಮೊದಲ ಯಜಮಾನರು ರೈಲ್ವೆಯ ವಿಲ್ಫ್ರೆಡ್ ಸಾಹೇಬರು. ಅವರು ನನ್ನನ್ನು ಮದುವೆಗಳಲ್ಲಿ ನುಡಿಸುತ್ತಿದ್ದರು. ಅಲ್ಲಿ ಜನರ ಲಕ್ಷ್ಯವೆಲ್ಲ ಊಟದ ಕಡೆ.

ನಿವೃತ್ತರಾದಾಗ ಸಾಹೇಬರು ನನ್ನನ್ನು ತಮ್ಮ ಶಿಷ್ಯೆ ಗಿರಿಜಾ ಹೊಂಬಳಗೆ ಕೊಟ್ಟರು. ಜೊತೆಗೆ ಮುಂಬಯಿಯಿಂದ ತಂದ ಒಂದು ಪೋಸ್ಟ್-ಪಂಕ್ ಕ್ಯಾಸೆಟ್. ಆ ಸಂಗೀತದಲ್ಲಿ ಹಾಡುವವರು ಹಾಡುವುದೇ ಇಲ್ಲ, ಯಾರ ಮೇಲೋ ಸಿಟ್ಟಾದವರಂತೆ ಮಾತಾಡುತ್ತಾರೆ. ಹಾಡನ್ನು ಎಳೆದೊಯ್ಯುವುದು ಬೇಸ್ ಗಿಟಾರ್. ಕೇಳಿ ನಾನು ಉಬ್ಬಿಹೋದೆ.

ಗಿರಿಜಾಗೆ ಸಿಟ್ಟಿನ ಕೊರತೆಯಿರಲಿಲ್ಲ. ಅವಳ ಓಣಿಗೆ ವಾರಕ್ಕೊಮ್ಮೆ ನೀರು. ಯಾವ ಹೊತ್ತಿಗೆ ಎಂಬುದು ದೇವರಿಗೂ ಗೊತ್ತಿಲ್ಲ. ನಳದ ಮುಂದೆ ಕೊಡಗಳ ಪಾಳಿಯಲ್ಲಿ ಕೂತೇ ಅವಳು ಹಾಡು ಕಟ್ಟಿದಳು. ‘ಬಂತೇನ? ಇಲ್ಲ. ಬಂತೇನ? ಇಲ್ಲ’ ಎಂದು ಬಹಳ ಹೊತ್ತು. ಆಮೇಲೆ ‘ನೀರು ಬಂತು!’ ಎಂಬ ಒಂದೇ ಕೂಗು. ಅಲ್ಲಿಂದ ಮುಂದೆ ನಾನೊಬ್ಬನೇ, ತುಂಬಿದ ಕೊಡ ಹೊತ್ತವಳ ಹೆಜ್ಜೆಯಲ್ಲಿ ನಿಧಾನವಾಗಿ ನುಡಿಯಬೇಕು.

“ಹಾಡಿನ ಜೀವ ಅಲ್ಲೇ ಐತಿ,” ಎಂದು ಗಿರಿಜಾ ಡ್ರಮ್ ಬಾರಿಸುವ ಮಕಬೂಲನಿಗೆ ಹೇಳಿದಳು. “ಮಂದಿ ಅಷ್ಟು ಕೇಳಿದ್ರ ಸಾಕಪಾ, ಮತ್ತೇನೂ ಬ್ಯಾಡ ನನಗ.”

ಗಣಪತಿ ಪೆಂಡಾಲಿನಲ್ಲಿ ಮೊದಲ ಕಾರ್ಯಕ್ರಮ. ಓಣಿಗೆ ಓಣಿಯೇ ನೆರೆದಿತ್ತು. ಗಿರಿಜಾ ‘ಬಂತೇನ?’ ಎಂದರೆ ಜನರೇ ‘ಇಲ್ಲ!’ ಎನ್ನತೊಡಗಿದರು. ನನಗೆ ಹಿಗ್ಗೋ ಹಿಗ್ಗು. ಗಿರಿಜಾ ಮೈಕಿನಲ್ಲಿ ‘ನೀರು ಬಂತು!’ ಎಂದು ಕೂಗಿದಳು.

ಪೆಂಡಾಲು ಖಾಲಿ! ಮುಂದೆ ಕೂತಿದ್ದ ನೆರೆಮನೆಯ ಶಾಂತವ್ವ ಚಪ್ಪಲಿ ಬಿಟ್ಟೇ ಓಡಿದಳು. ಆರತಿ ತಟ್ಟೆ ಹಿಡಿದಿದ್ದ ಪೂಜಾರಿಯೂ ಓಡಿದ. ನನ್ನ ಭಾಗವನ್ನು ಗಣಪತಿಯೊಬ್ಬನೇ ಕೇಳಿದ, ಅವನು ಓಡುವ ಹಾಗಿರಲಿಲ್ಲ.

ಸ್ವಲ್ಪ ಹೊತ್ತಿಗೆ ಶಾಂತವ್ವ ಬರಿಗೊಡ ಹಿಡಿದು ಬಂದಳು.

“ನೀರಿನ ವಿಷಯದಾಗ ಸುಳ್ಳು ಹೇಳ್ತೀ? ನಿನ್ನ ಬಾಯಾಗ ಮಣ್ಣು ಬೀಳ್ಲಿ!”

“ಅದು ಹಾಡು, ಚಿಗವ್ವಾ!”

“ಹಾಡಿಗೆ ಕೊಡ ತುಂಬತೈತೇನ?”

ಬೇರೆ ಓಣಿಗಳಲ್ಲೂ ಇದೇ ಕಥೆ. ಹಾಡು ಎಂದು ಗೊತ್ತಿದ್ದರೂ ಓಡುತ್ತಿದ್ದರು, ಅಕಸ್ಮಾತ್ ನಿಜವಾಗಿದ್ದರೆ? ಕಡೆಗೆ ನಿಜವಾಗಿಯೂ ನೀರು ಬಂದಾಗ ಅದನ್ನು ಸಾರಲು, ಯಾರೋ ಕ್ಯಾಸೆಟ್ಟಿಗೆ ಇಳಿಸಿಕೊಂಡಿದ್ದ ನಮ್ಮ ಹಾಡನ್ನೇ ಸ್ಪೀಕರಿನಲ್ಲಿ ಹಾಕತೊಡಗಿದರು. ಹಾಡು ಮನೆಮಾತಾಯಿತು. ನನ್ನ ಭಾಗ ಬರುವಷ್ಟರಲ್ಲಿ ಮಾತ್ರ ಕೊಡಗಳ ಗದ್ದಲ, ಜಗಳ. ಗಿರಿಜಾ ಬೇಸತ್ತು ನನ್ನನ್ನು ಕಪಾಟಿನ ಮೇಲೆ ಹಾಕಿದಳು. ಅಲ್ಲಿ ಮಲಗಿ ನಾನು ಊರಿನ ಕೊಡಗಳಿಗೆಲ್ಲ ಶಾಪ ಹಾಕಿದೆ.

ಎಷ್ಟೋ ವರ್ಷಗಳಾದ ಮೇಲೆ, ಮೊನ್ನೆ, ಓಣಿಗೆ ದಿನವಿಡೀ ನೀರು ಬರುವಂತಾಯಿತು. ಆ ಸಂಭ್ರಮಕ್ಕೆ ಹಾಡಲು ಕರೆದರು. ತಲೆ ನರೆತ ಗಿರಿಜಾ ಧೂಳು ಒರೆಸಿ ನನ್ನನ್ನು ಎತ್ತಿಕೊಂಡಳು.

‘ನೀರು ಬಂತು!’

ಒಬ್ಬರೂ ಏಳಲಿಲ್ಲ. ನನ್ನ ಭಾಗವನ್ನು ಕೊನೆತನಕ ಕೇಳಿ, ಶಾಲೆಯ ಸಮಾರಂಭದಲ್ಲಿ ತಟ್ಟುವಂತೆ ಚಪ್ಪಾಳೆ ತಟ್ಟಿದರು. ಹಣ್ಣುಮುದುಕಿ ಶಾಂತವ್ವ ಅತ್ತಿತ್ತ ನೋಡಿ, “ಹಾಡು ಇಷ್ಟೇನವಾ?” ಎಂದಳು.

“ಇಷ್ಟೇ, ಚಿಗವ್ವಾ,” ಎಂದು ಗಿರಿಜಾ ನಕ್ಕಳು. ನಗುತ್ತಲೇ ಕಣ್ಣೊರೆಸಿಕೊಂಡಳು.

ಈಗ ನಾನು ಮತ್ತೆ ಕಪಾಟಿನ ಮೇಲಿದ್ದೇನೆ. ಬಯಸಿದ್ದು ಸಿಕ್ಕಿತು, ಆದರೆ ಆ ಚಪ್ಪಾಳೆ ಸಪ್ಪಗಿತ್ತು. ನಮ್ಮ ಹಾಡಿಗೆ ಊರಿಗೆ ಊರೇ ಎದ್ದು ಓಡುತ್ತಿದ್ದಾಗ ನಾವು ಬಲು ದೊಡ್ಡ ಕಲಾವಿದರಾಗಿದ್ದೆವು. ಆಗ ಅದನ್ನು ನಮಗೆ ಹೇಳಲು ಯಾರೂ ಇರಲಿಲ್ಲ, ಎಲ್ಲರೂ ನೀರಿಗೆ ಹೋಗಿದ್ದರು.