ಶಾಂತ ಮನೆಗೆ ಕೊಟ್ಟ ನಾಯಿ

ನಮ್ಮದು ಬಾಯಿ ಜೋರಿನ ಮನೆ. ಯಜಮಾನರು ಬಸ್ ಕಂಡಕ್ಟರ್. ನೀರು ಕೊಡು ಎನ್ನುವುದನ್ನೂ ಕೊನೇ ಸೀಟಿಗೆ ಕೇಳುವ ಹಾಗೆ ಹೇಳುತ್ತಾರೆ. ಅತ್ತೆಗೆ ಕಿವಿ ಮಂದ, ಹಾಗಾಗಿ ಅವರ ಟಿವಿ ಬೀದಿಗೆಲ್ಲ ಕೇಳುತ್ತದೆ. ಅವಳಿ ಗಂಡುಮಕ್ಕಳು ಜಗಳವಾಡದೆ ಹಲ್ಲು ಕೂಡ ಉಜ್ಜುವುದಿಲ್ಲ. ಮುಂದಿನ ಕೋಣೆಯಲ್ಲಿ ನನ್ನ ಹೊಲಿಗೆ ಮಿಷನ್ನು, ಅದನ್ನೂ ಮೀರಿಸುವ ನನ್ನ ಗಂಟಲು. ಕೊನೆಯ ಮಗಳು ಮಾತ್ರ ಮನೆಯಲ್ಲಿ ಎಲ್ಲಿದ್ದಾಳೆಂದೇ ಗೊತ್ತಾಗುವುದಿಲ್ಲ. ಅದಕ್ಕೇ ಅವಳನ್ನು ಇರುವೆ ಎಂದು ಕರೆಯುತ್ತೇವೆ.

ಆ ಇರುವೆ ಬಾಯಿಬಿಟ್ಟು ಕೇಳಿದ್ದು ಒಂದೇ, ನಾಯಿ. ಏನನ್ನೂ ಕೇಳದ ಮಗು ಕೇಳಿದಾಗ ಇಲ್ಲವೆನ್ನಲು ನನ್ನದೇನು ಕಲ್ಲಿನ ಎದೆಯೇ?

ಗತಿಯಿಲ್ಲದ ನಾಯಿಗಳನ್ನು ಸಾಕಿ ಮನೆಗಳಿಗೆ ಕೊಡುವ ಮೇಡಂ ಒಬ್ಬರಿದ್ದರು. ಬಲು ಖಡಕ್ಕಂತೆ, ಮನೆಮಂದಿಯನ್ನು ನೋಡಿ ನಾಯಿಯನ್ನು ತಾವೇ ಆರಿಸುತ್ತಾರಂತೆ. ಗದ್ದಲದವರಿಗೆ ಕೊಡುವುದೇ ಇಲ್ಲವೆಂದು ನಾನೇ ತೀರ್ಮಾನಿಸಿ, ಎಲ್ಲರಿಗೂ ಮೆಲ್ಲಗೆ ಮಾತಾಡುವ ತಾಲೀಮು ಶುರುಮಾಡಿದೆ. ಯಜಮಾನರಿಗೆ ಪಿಸುಗುಟ್ಟುವುದನ್ನು ಕಲಿಸುವಷ್ಟರಲ್ಲಿ ಸಾಕೋ ಸಾಕಾಯಿತು. ಅವರ ಪಿಸುಮಾತಿಗೆ ಪಕ್ಕದ ಮನೆಯವರು ಕಿಟಕಿ ತೆರೆದು ಏನಂದ್ರಿ ಎಂದು ಕೇಳಿದರು.

ಮೇಡಂ ಇದ್ದಲ್ಲಿಗೆ ಹೋದಾಗ ಅವರೆದುರು ನಾವು ತುಟಿ ಪಿಟಕ್ಕೆನ್ನಲಿಲ್ಲ. ಎಲ್ಲರ ಮೇಲೂ ಎಗರುತ್ತಿದ್ದ ಕರಿ ನಾಯಿಯನ್ನು ಅವಳಿಗಳು ಕೈಕಟ್ಟಿಕೊಂಡೇ ಆಸೆಯಿಂದ ನೋಡಿದರು. ಮೇಡಂ ಅದನ್ನು ಒಳಗೆ ಕಳಿಸಿ, ಜೋಲುಕಿವಿಯ ಕಂದು ಹೆಣ್ಣುನಾಯಿಯೊಂದನ್ನು ತಂದರು. ಪಾಪ, ಸದ್ದಿಗೆ ಹೆದರುತ್ತದೆ, ನಿಮ್ಮಂಥ ಶಾಂತ ಮನೆಗೆ ಇದೇ ಸರಿ ಎಂದರು. ಯಜಮಾನರು ನನ್ನ ಮುಖ ನೋಡಿದರು. ನಾನು ಗೋಡೆ ನೋಡಿದೆ.

ಮನೆಗೆ ಬಂದದ್ದೇ ತಡ, ಅತ್ತೆ ಟಿವಿ ಹಾಕಿದರು. ಅವಳಿಗಳು ಅಷ್ಟು ಹೊತ್ತು ತಡೆದಿಟ್ಟ ಕಿರುಚಾಟವನ್ನೆಲ್ಲ ಒಟ್ಟಿಗೇ ಹೊರಬಿಟ್ಟರು. ನಾಯಿ ಎದ್ದೆನೋ ಬಿದ್ದೆನೋ ಎಂದು ಓಡಿ, ನಾನು ಬಟ್ಟೆ ಕತ್ತರಿಸುವ ಮೇಜಿನ ಕೆಳಗೆ ಸೇರಿಕೊಂಡಿತು. ಮೇಜಿಗೆ ಹಾಸಿದ ಬಟ್ಟೆ ನೆಲದ ತನಕ ಇಳಿಬಿದ್ದಿತ್ತು. ಕರೆದರೂ ಅದರ ಮರೆಯಿಂದ ಹೊರಗೆ ಬರಲಿಲ್ಲ, ಗದರಿದರೂ ಬರಲಿಲ್ಲ. ಇಟ್ಟ ತಟ್ಟೆ ಇಟ್ಟ ಹಾಗೇ ಇರುತ್ತಿತ್ತು. ನಮ್ಮ ಗಲಾಟೆಗೆ ಮೂಕಪ್ರಾಣಿ ಉಪವಾಸ ಸಾಯಬೇಕೇ? ಮನಸ್ಸು ತಡೆಯದೆ ಮೇಡಂಗೆ ಫೋನ್ ಮಾಡಿ, ಇದ್ದದ್ದು ಇದ್ದ ಹಾಗೆ ಹೇಳಿ, ಬಂದು ಕರೆದುಕೊಂಡು ಹೋಗಿ ಎಂದೆ. ಇರುವೆಗೆ ಹೇಳಿದಾಗ ಅವಳು ತನ್ನ ಬ್ರೆಡ್ಡು ಹಿಡಿದು ಎದ್ದುಹೋದಳು. ಒಪ್ಪಿಕೊಂಡಳೆಂದುಕೊಂಡೆ.

ಮೇಡಂ ಹಗ್ಗ ಹಿಡಿದೇ ಬಂದರು. ಟಿವಿಯ ಸದ್ದಿಗೆ ಹುಬ್ಬೇರಿಸಿದರು. ಅವರಿಗೆ ನಗು ತಡೆಯಲಾಗಲಿಲ್ಲ.

"ಇರೋ ಹಾಗೇ ಬಂದಿದ್ರೆ ಆ ಕರಿಯನ್ನೇ ಕೊಡ್ತಿದ್ನಲ್ರೀ," ಎನ್ನುತ್ತ ಬಗ್ಗಿ ಬಟ್ಟೆ ಎತ್ತಿದರು.

ಒಳಗೆ ಇರುವೆ ಚಕ್ಕಳಮಕ್ಕಳ ಹಾಕಿ ಕೂತಿದ್ದಳು. ಕೈಯಲ್ಲಿ ತನ್ನ ಪಾಲಿನ ಬ್ರೆಡ್ಡು, ಅರ್ಧ ಮುರಿದದ್ದು. ಮಿಕ್ಕ ಅರ್ಧ ನಾಯಿಯ ಬಾಯಲ್ಲಿತ್ತು. ಪಕ್ಕದಲ್ಲಿ ಹಳೇ ದಿಂಬು, ಚಿತ್ರದ ಪುಸ್ತಕ, ಎಂದೋ ಕಳೆದುಹೋಗಿದ್ದ ನನ್ನ ಅಳತೆ ಟೇಪು.

"ನಾಯಿ ಬಂದಾಗಿಂದ ಇಲ್ಲೇ ಕೂತ್ಕೋತೀಯಾ ಪುಟ್ಟಾ?" ಮೇಡಂ ಕೇಳಿದರು.

"ಇಲ್ಲ, ಮುಂಚಿನಿಂದ್ಲೂ. ಆಗ ಒಬ್ಳೇ ಇರ್ತಿದ್ದೆ."

ಅದೇ ಮೇಜಿನ ಮೇಲೆ ದಿನವಿಡೀ ಕತ್ತರಿ ಆಡಿಸುವವಳು ನಾನು. ಸದ್ದಿಗೆ ಹೆದರುವ ಜೀವ ನಮ್ಮ ಮನೆಯಲ್ಲಿ ಮೊದಲೇ ಒಂದಿತ್ತು, ಹೆತ್ತವಳಿಗೇ ಕಂಡಿರಲಿಲ್ಲ.

ಮೇಡಂ ಬಟ್ಟೆಯನ್ನು ಮೆಲ್ಲಗೆ ಇಳಿಬಿಟ್ಟು, ಹಗ್ಗವನ್ನು ಚೀಲಕ್ಕೆ ಹಾಕಿಕೊಂಡು ಹೊರಟರು. ನಾನು ಹೋಗಿ ಟಿವಿ ಸದ್ದು ತಗ್ಗಿಸಿದೆ. ಅತ್ತೆ ಗುರುಗುಟ್ಟುತ್ತ ಕುರ್ಚಿಯನ್ನು ಅದರ ಹತ್ತಿರಕ್ಕೆ ಎಳೆದುಕೊಂಡರು.

ಸಂಜೆ ಯಜಮಾನರು ಡ್ಯೂಟಿ ಮುಗಿಸಿ ಬಂದು, ನಾಯಿ ಹೋಯ್ತಾ ಎಂದು ಅಬ್ಬರಿಸಲು ಬಾಯಿ ತೆರೆದವರು, ಬಟ್ಟೆಯ ಅಂಚಿನಿಂದ ಇಣುಕುತ್ತಿದ್ದ ಬಾಲವನ್ನೂ ಪುಟ್ಟ ಕಾಲನ್ನೂ ಕಂಡು ಹಾಗೇ ನಿಂತರು. ನಾನು ನಡೆದದ್ದನ್ನು ಹೇಳಿದೆ. ಅವರು ಮೇಜಿನ ಪಕ್ಕ ಮಂಡಿಯೂರಿ, "ನಾನೂ ಒಳಗೆ ಬರ್ಲಾ?" ಎಂದು ಪಿಸುಗುಟ್ಟಿದರು.

ಪಕ್ಕದ ಮನೆಯ ಕಿಟಕಿ ತೆರೆಯಲಿಲ್ಲ.