ಊಟದ ಮೇಲೆ ಹೇಳುವ ಮಾತು

ಫೋನು ಬಂದಾದ ಮೇಲೂ ಲಕ್ಷ್ಮಪ್ಪ ಅದನ್ನು ಕಿವಿಗೇ ಹಿಡಿದುಕೊಂಡು ನಿಂತಿದ್ದ. ಹೋಟೆಲಿನ ಕೈ ತೊಳೆಯುವ ಕೋಣೆ ಅದು. ಬಾಗಿಲಿನಾಚೆ ತೋಟದಲ್ಲಿ ಬ್ಯಾಂಡು ಬಾರಿಸುತ್ತಿತ್ತು, ನೂರಾರು ಜನ ಒಟ್ಟಿಗೆ ಮೇಜು ಕುಟ್ಟಿ ನಗುತ್ತಿದ್ದರು. ಹೆಂಡತಿ ಸುಶೀಲವ್ವ ತಿಳವಳ್ಳಿಯಿಂದ ಹೇಳಿದ್ದು ಆ ಗದ್ದಲದಲ್ಲಿ ತಪ್ಪಿ ಕೇಳಿಸಿರಲಿ ದೇವರೇ ಎಂದು ಅವನು ಒಂದು ಗಳಿಗೆ ಬೇಡಿಕೊಂಡ. ಆದರೆ ತಪ್ಪಿ ಕೇಳಿಸಿರಲಿಲ್ಲ.

"ಸರೋಜಕ್ಕ ಹ್ವಾದ್ಲರಿ," ಎಂದಿದ್ದಳು ಸುಶೀಲವ್ವ. "ಉಂಡು, ಕಟ್ಟಿ ಮ್ಯಾಲೆ ಕುಂತು ಅಕ್ಕಿ ಹಸನ ಮಾಡಾಕತ್ತಿದ್ಲು. ಎದಿ ಹಿಡಕೊಂಡು ಹಂಗ ಒರಗಿದ್ಲು. ಹಾನಗಲ್ಲಿಗೆ ಒಯ್ದ್ರು, ದಾರ್ಯಾಗ ಜೀವ ಹೋತು. ನಾಳೆ ಮುಂಜಾನಿ ಮಣ್ಣ ಮಾಡ್ತಾರಂತ. ಚನ್ನವೀರಣ್ಣಗ ನೀವ ಹೇಳಬೇಕ್ರಿ, ಅವರ ಮಗಳು ಸುಧಾರಾಣಿಗೆ ಬಾಯಿ ಬರವಲ್ದು. ಆದ್ರ ಉಂಡ ಮ್ಯಾಲೆ ಹೇಳ್ರಿ. ಮೊದಲ ಒಂದೀಟು ಉಣ್ಣಿಸ್ರಿ, ನಿಮ್ಮ ಕಾಲಿಗೆ ಬೀಳ್ತೇನಿ."

ಉಣ್ಣಿಸಿರಿ ಅಂದದ್ದು ಸುಮ್ಮನೆ ಅಲ್ಲ. ಆ ಕಡೆಯ ಊರುಗಳಲ್ಲಿ ಸಾವಿನ ಸುದ್ದಿ ಕಿವಿಗೆ ಬಿದ್ದ ಮೇಲೆ ಮಣ್ಣಾಗುವ ತನಕ ಮನೆಯವರು ತುತ್ತು ಮುಟ್ಟುವುದಿಲ್ಲ. ಅದಕ್ಕೇ ದೂರದವರಿಗೆ ಸುದ್ದಿ ಒಯ್ಯುವ ತಿಳಿವಳಿಕಸ್ಥರು ಮೊದಲು ಮನುಷ್ಯನನ್ನು ಕೂರಿಸಿ ಉಣ್ಣಿಸುತ್ತಾರೆ, ಬಾಯಿ ಆಮೇಲೆ ಬಿಡುತ್ತಾರೆ. ಸರೋಜವ್ವನ ಗಂಡ ಚನ್ನವೀರಪ್ಪನಿಗಂತೂ ಸಕ್ಕರೆ ಬೇನೆ. ಮುಂಜಾನೆ ಗುಳಿಗೆ ನುಂಗಿ ಒಂದು ಬಟ್ಟಲು ಚಹಾ ಕುಡಿದದ್ದು ಬಿಟ್ಟರೆ ಅವನ ಹೊಟ್ಟೆಗೆ ಏನೂ ಬಿದ್ದಿರಲಿಲ್ಲ. ಈಗಲೇ ಹೇಳಿಬಿಟ್ಟರೆ ನಾಳೆಯವರೆಗೆ ನೀರೂ ಮುಟ್ಟುವ ಆಸಾಮಿಯಲ್ಲ. ಸೀಮೆ ದಾಟಿ ಬಂದ ಊರಲ್ಲಿ ಅವನೂ ಬಿದ್ದುಬಿಟ್ಟರೆ ಏನು ಗತಿ?

ಲಕ್ಷ್ಮಪ್ಪ ಮುಖಕ್ಕೆ ತಣ್ಣೀರು ಎರಚಿಕೊಂಡ. ಪಂಚೆಯ ಚುಂಗಿನಿಂದ ಒರೆಸಿಕೊಂಡು ಹೊರಗೆ ಬಂದ.

ಅವರದು ತಿಳವಳ್ಳಿಯ ಭಜನಾ ಮೇಳ, ಬಂದದ್ದು ನಾಲ್ಕೇ ಜನ. ಚನ್ನವೀರಪ್ಪ ಹಾರ್ಮೋನಿಯಂ ಪೇಟಿ ನುಡಿಸಿ ಹಾಡುವವನು, ಲಕ್ಷ್ಮಪ್ಪನದು ತಬಲಾ, ಮಹಾಂತೇಶ ತಾಳ ಹಾಕುತ್ತಿದ್ದ, ಶಂಭುಲಿಂಗ ಹಿಂದೆ ದನಿಗೂಡಿಸುತ್ತಿದ್ದ. ಜರ್ಮನಿಯ ಈ ಊರಿನ ಜನಪದ ಹಾಡಿನ ಉತ್ಸವಕ್ಕೆ ಕರೆ ಬಂದಾಗ ಹಾನಗಲ್ಲ ತಾಲೂಕಿಗೆ ತಾಲೂಕೇ ಹಿಗ್ಗಿತ್ತು. ನಿನ್ನೆ ಶನಿವಾರ ಕಾರ್ಯಕ್ರಮ ಮುಗಿದಿತ್ತು. ವಿಮಾನ ಇದ್ದದ್ದು ಮಂಗಳವಾರ. ಇಲ್ಲಿನ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದ ಶಿಗ್ಗಾಂವಿಯ ವಿದ್ಯಾ ಎಂಬ ಹುಡುಗಿ ಊರ ಮಾತು ಕೇಳಿ ಓಡಿ ಬಂದವಳು, "ಐತಾರ ನನ್ನ ರಜಾ ಐತ್ರಿ, ನಿಮಗ ಇಲ್ಲಿ ಗಮ್ಮತ್ತು ತೋರಸ್ತೇನಿ," ಎಂದು ನಾಲ್ವರನ್ನೂ ಈ ಹೋಟೆಲಿಗೆ ಹೊರಡಿಸಿಕೊಂಡು ಬಂದಿದ್ದಳು.

ಹೋಟೆಲು ಅಂದರೆ ದೊಡ್ಡ ದೊಡ್ಡ ಮರಗಳ ಕೆಳಗೆ ಉದ್ದುದ್ದ ಮೇಜು, ಬೆಂಚು. ಗುರುತಿಲ್ಲದವರೂ ಒತ್ತಿಕೊಂಡು ಕೂರುವ ಪದ್ಧತಿ. ನಡುವೆ ಒಂದು ಹಲಗೆಯ ಅಟ್ಟ, ಅದರ ಮೇಲೆ ಮೊಣಕಾಲುದ್ದ ತೊಗಲಿನ ಚಡ್ಡಿ ಹಾಕಿದ ಐದಾರು ಗಂಡಸರು ಊದುತ್ತ ಬಾರಿಸುತ್ತ ಬೆವರಿಳಿಸುತ್ತಿದ್ದರು. ಹೆಣ್ಣುಮಕ್ಕಳು ಎರಡೂ ಕೈಯಲ್ಲಿ ಐದೈದು ಗಾಜಿನ ಮಗ್ಗು ಹಿಡಿದು ಓಡಾಡುತ್ತಿದ್ದರು.

"ಎಲ್ಲಿ ಹಾಳಾಗಿ ಹೋಗಿದ್ಯೊ?" ಎಂದು ಚನ್ನವೀರಪ್ಪ ಲಕ್ಷ್ಮಪ್ಪನ ಕೈ ಎಳೆದು ಪಕ್ಕಕ್ಕೆ ಕೂರಿಸಿಕೊಂಡ. ಮುಖ ಅರಳಿ ಹೋಗಿತ್ತು. "ಅಲ್ನೋಡು, ಆ ಮಗಾ ಪೇಟಿ ಎದಿಗಿ ಕಟ್ಗೊಂಡು ಕುಣ್ಯಾಕತ್ತಾನ! ನಾವು ಜನ್ಮಾ ಪೂರ್ತಿ ಚಕ್ಕಳಮಕ್ಕಳ ಹಾಕ್ಕೊಂಡು ಬಾರಿಸಿ ಮೊಣಕಾಲ ಕಳಕೊಂಡ್ವಿ. ಇದು ನಮಗ್ಯಾಕ ಹೊಳೀಲಿಲ್ಲೊ?"

"ಹೌದಣ್ಣ," ಎಂದ ಲಕ್ಷ್ಮಪ್ಪ. ಮಹಾಂತೇಶ, ಶಂಭುಲಿಂಗ ಇಬ್ಬರೂ ಮೇಜಿನ ಆ ತುದಿಯಲ್ಲಿದ್ದರು. ಅವರಿಗೆ ಹೇಳಿದರೆ ಅವರ ಮುಖವೇ ಡಂಗುರ ಹೊಡೆಯುತ್ತದೆಂದು ಅವನು ಅತ್ತ ನೋಡಲೂ ಇಲ್ಲ.

ಊಟ ಬಂತು. ವಿದ್ಯಾ ತಟ್ಟೆಯನ್ನು ಚನ್ನವೀರಪ್ಪನ ಮುಂದೆ ಸರಿಸಿ, "ಕಾಕಾರ, ಇದರಾಗ ಮಾಂಸ ಇಲ್ರಿ, ನಾ ಎರಡು ಸಲ ಕೇಳೇನಿ. ದಪ್ಪ ಶಾವಿಗಿ ಇದ್ದಂಗ ಐತಿ, ಮ್ಯಾಲೆ ಚೀಸು, ಹುರಿದ ಉಳ್ಳಾಗಡ್ಡಿ. ಇದು ಕುದಿಸಿದ ಬಟಾಟಿ," ಎಂದಳು.

"ಇರ್ಲಿ ತಂಗಿ, ಅಲ್ಲಿಡು," ಎಂದ ಚನ್ನವೀರಪ್ಪ. "ಬ್ಯಾಂಡಿನವರು ನಮಗೂ ಒಂದು ಪದಾ ಹಾಡಾಕ ಬಿಡ್ತಾರಂತ ಹೇಳಿಯಲ್ಲ? ಹಾಡಿ ಉಣ್ಣೂಣು. ಹೊಟ್ಟಿ ತುಂಬಿಸ್ಕೊಂಡು ಹಾಡಾಕ ಕುಂತ್ರ ಉಸರು ನಿಲ್ಲೂದಿಲ್ಲ."

ಇದು ಅವನ ಹಳೆಯ ನೇಮ. ಮೇಳ ಕಟ್ಟಿದಂದಿನಿಂದ ಹಾಡುವ ಮೊದಲು ಚನ್ನವೀರಪ್ಪ ಉಂಡದ್ದನ್ನು ಕಂಡವರಿಲ್ಲ. ಹಾಡು ಯಾವಾಗಲೋ, ಅಷ್ಟರೊಳಗೆ ಊರಿನಿಂದ ಮತ್ತೆ ಯಾರು ಫೋನು ಮಾಡುತ್ತಾರೋ.

"ಆರತೈತಿ ಅಣ್ಣ. ಎರಡ ತುತ್ತು ಉಣ್ಣು."

"ಆರ್ಲಿ ಬಿಡೊ. ಇದೇನು ನಮ್ಮನಿ ರೊಟ್ಟಿ ಏನು, ಬಿಸಿ ಬಿಸಿ ತಿನ್ನಾಕ?"

"ಗುಳಿಗಿ ತಗೊಂಡಿ, ಖಾಲಿ ಹೊಟ್ಟೀಲೆ ಇರಬಾರದು. ಉಣ್ಣಣ್ಣ."

"ಏ, ನೀ ಯಾವಾಗ ನಮ್ಮ ಸರೋಜಿ ಆದ್ಯೊ?" ಎಂದು ಚನ್ನವೀರಪ್ಪ ಗಹಗಹಿಸಿ ನಕ್ಕ. ಲಕ್ಷ್ಮಪ್ಪನೂ ನಗಬೇಕಾಯಿತು. ಅಷ್ಟು ಕಷ್ಟದ ನಗು ಅವನು ಹುಟ್ಟಿದಾಗಿನಿಂದ ನಕ್ಕಿರಲಿಲ್ಲ.

ಮೊದಲು ಉಣ್ಣಿಸಿ ಆಮೇಲೆ ಹೇಳುವ ಈ ವಿದ್ಯೆ ಕಲಿಸಿದವನೇ ಚನ್ನವೀರಪ್ಪ. ಲಕ್ಷ್ಮಪ್ಪನ ಅಪ್ಪ ತೀರಿಕೊಂಡ ದಿನ ಗೋವಿನಜೋಳದ ಹೊಲಕ್ಕೆ ನಡೆದು ಬಂದಿದ್ದ. ಏನೂ ಆಗದವನಂತೆ ಬದುವಿನ ಮೇಲೆ ಕುಳಿತು, "ಬುತ್ತಿ ಬಿಚ್ಚೊ, ಹಸಿವಾಗೇತಿ," ಎಂದು ತಾನೂ ಒಂದು ರೊಟ್ಟಿ ಮುರಿದು, ಇವನಿಗೆ ಎರಡು ತಿನ್ನಿಸಿ, ನೀರು ಕುಡಿಸಿ, ಆಮೇಲೆ ಹೆಗಲ ಮೇಲೆ ಕೈ ಹಾಕಿದ್ದ. ಅವತ್ತು ಇವನಿಗೆ ಒಂದು ಚೂರೂ ಸಂಶಯ ಬಂದಿರಲಿಲ್ಲ. ಅಂಥ ಮನುಷ್ಯನಿಗೆ ತಾನು ಈಗ ಉಣ್ಣಿಸಬೇಕು. ಹೇಗೆ ಉಣ್ಣಿಸುವುದು?

"ಅಲ್ಲೊ, ಒಂದು ಕೆಲಸಾ ಮಾಡು," ಎಂದ ಚನ್ನವೀರಪ್ಪ. "ನಿನ್ನ ಫೋನ್ ಹಚ್ಚು. ಆ ಕುಣಿಯೂ ಪೇಟಿಯವನ್ನ ಸರೋಜಿಗೆ, ನಿಮ್ಮ ವೈನಿಗೆ ತೋರಸೂಣು. ಜರ್ಮನಿಗೆ ಹೋಗಿನೂ ಅದ ಹಳೇ ಪದಾ ಹಾಡಿ ಜನಾನ್ನ ಮಲಗಸ್ತೀರೇನು ಅಂತ ಚಾಷ್ಟಿ ಮಾಡಿದ್ಲು. ನೋಡ್ಲಿ, ಇಲ್ಲಿ ಮಲಗೂ ಜನಾ ಅದಾರೇನು!"

ಲಕ್ಷ್ಮಪ್ಪ ಫೋನನ್ನು ಜೇಬಿನ ಒಳಕ್ಕೆ ತುರುಕಿದ. "ಚಾರ್ಜ್ ಇಲ್ಲಣ್ಣ."

"ನನ್ನ ಫೋನ್ ತಗೋರಿ ಕಾಕಾರ," ಎಂದು ವಿದ್ಯಾ ತನ್ನದನ್ನು ತೆಗೆದೇ ಬಿಟ್ಟಳು. "ನಂಬರ್ ಹೇಳ್ರಿ."

"ಬ್ಯಾಡ!" ಎಂದ ಲಕ್ಷ್ಮಪ್ಪ. ದನಿ ಬೇಕಾದ್ದಕ್ಕಿಂತ ಜೋರಾಯಿತು. ಎದುರಿಗೆ ಕೂತ ಜರ್ಮನ್ ಮುದುಕನೂ ತಲೆ ಎತ್ತಿ ನೋಡಿದ. "ಅಂದ್ರ... ವೈನಿ ಈ ಹೊತ್ತಿನ್ಯಾಗ ಮನ್ಯಾಗ ಇರೂದಿಲ್ಲವ್ವ. ಈಶ್ವರ ಗುಡಿಗೆ ಹೋಗಿರ್ತಾಳ."

"ಐತಾರ?" ಎಂದ ಚನ್ನವೀರಪ್ಪ. "ಅಕಿ ಸ್ವಾಮಾರ ಬಿಟ್ಟು ಗುಡಿಗೆ ಯಾವಾಗ ಹೋಗ್ಯಾಳೊ?"

ಲಕ್ಷ್ಮಪ್ಪ ತಟ್ಟೆಯನ್ನೇ ಇನ್ನಷ್ಟು ಮುಂದೆ ನೂಕಿ, "ಮೊದಲ ಉಣ್ಣಣ್ಣ. ಆಮ್ಯಾಲೆ ಮಾತಾಡೂಣಂತ," ಎಂದ. ಅಂದ ಮೇಲೆ ನಾಲಗೆ ಕಚ್ಚಿಕೊಂಡ.

ಚನ್ನವೀರಪ್ಪ ಅವನ ಮುಖವನ್ನು ನೋಡಿದ. ಬಹಳ ಹೊತ್ತೇನಲ್ಲ. ವಿದ್ಯಾಳ ಕಡೆ ತಿರುಗಿ, "ಫೋನ್ ಒಳಗ ಇಡು ತಂಗಿ," ಎಂದ ಮೆಲ್ಲಗೆ.

ಅದೇ ಹೊತ್ತಿಗೆ ಪೇಟಿಯವನು ಅಟ್ಟದಿಂದಿಳಿದು ಇವರ ಮೇಜಿಗೆ ಬಂದ. ಕೆಂಪು ಮುಖದ, ತುಂಬು ಮೀಸೆಯ ಆಳು. ಎದೆಯ ಪೇಟಿಯನ್ನು ತಟ್ಟಿ ತೋರಿಸಿ, ಚನ್ನವೀರಪ್ಪನತ್ತ ಎರಡೂ ಕೈ ಚಾಚಿ ಏನೋ ಹೇಳಿದ. ಸುತ್ತಲಿನ ಜನ ಚಪ್ಪಾಳೆ ತಟ್ಟಿದರು. ಮಹಾಂತೇಶ ಆಗಲೇ ತಾಳ ಹಿಡಿದು ಎದ್ದು ನಿಂತಿದ್ದ.

"ಈಗ ನಿಮ್ಮ ಪಾಳಿ ಅಂತ ಕರ್ಯಾಕತ್ತಾರ ಕಾಕಾರ," ಎಂದಳು ವಿದ್ಯಾ.

ಚನ್ನವೀರಪ್ಪ ಎದ್ದು ಆ ಮನುಷ್ಯನಿಗೆ ಕೈ ಮುಗಿದ. "ಇವತ್ತ ಆಗೂದಿಲ್ಲ ಅಂತ ಹೇಳವ್ವ. ತಪ್ಪ ತಿಳಕೋಬ್ಯಾಡ್ರಿ ಅನ್ನು. ನಾ ಊಟಾ ಮಾಡ್ತೇನಿ."

"ಊಟಾ?" ಮಹಾಂತೇಶ ಬಾಯಿ ತೆರೆದ. "ಹಾಡೂಕಿಂತ ಮೊದಲ? ಏನಾತ್ರಿ ನಿಮಗ?"

"ಹಸಿವ್ಯಾಗೇತೊ," ಎಂದು ಚನ್ನವೀರಪ್ಪ ಕುಳಿತುಕೊಂಡ.

ಮುಳ್ಳುಚಮಚ ಅತ್ತ ಸರಿಸಿ ಕೈ ಹಾಕಿದ. ತಲೆ ಎತ್ತದೆ ಉಂಡ. ಚೀಸು ಬೆರಳಿಗೆ ಎಳೆಯೆಳೆಯಾಗಿ ಅಂಟುತ್ತಿತ್ತು, ಅದನ್ನು ಬಿಡಿಸಿ ಬಿಡಿಸಿ ತಿಂದ. ಬಟಾಟಿ ಚೂರು ಮಾಡಿ ತಿಂದ. ರುಚಿ ಹೇಗಿದೆ ಎಂದು ವಿದ್ಯಾ ಕೇಳಿದರೆ ತಲೆಯಾಡಿಸಿದ, ಅಷ್ಟೇ. ಒಂದು ಕಡೆಯಿಂದ ತಟ್ಟೆ ಬರಿದಾಗುತ್ತ ಬಂದಂತೆ ಲಕ್ಷ್ಮಪ್ಪನ ಜೀವ ಒಂದಿಷ್ಟು ಹಗುರಾಯಿತು. ಪಾಪದ ಮನುಷ್ಯ, ಹಸಿದಿದ್ದ, ಉಂಡ, ಇನ್ನು ನಾಳೆಯವರೆಗೆ ತಡೆಯುತ್ತಾನೆ ಎಂದುಕೊಂಡ. ತಾನು ಅಷ್ಟರ ಮಟ್ಟಿಗೆ ಗೆದ್ದೆ ಎಂದೂ ಅನಿಸಿತು.

"ನೀ ಯಾಕ ಉಣವಲ್ಲಿ?" ಎಂದ ಚನ್ನವೀರಪ್ಪ, ತಟ್ಟೆಯ ಮೇಲಿನ ಕಣ್ಣು ತೆಗೆಯದೆ.

"ನನಗ ಹಸಿವಿಲ್ಲಣ್ಣ."

"ಉಣ್ಣು. ನಂಗೊಬ್ಬಂಗ ಉಣ್ಣಿಸಿ ನೀ ಉಪಾಸ ಕುಂತ್ರ ಹೆಂಗ? ಅವತ್ತ ಹೊಲದಾಗ ನಾ ನಿನ್ನ ಕೂಡ ಉಂಡಿದ್ದೆ."

ಲಕ್ಷ್ಮಪ್ಪನ ಕೈ ತಟ್ಟೆಯ ಮೇಲೆ ಹಾಗೇ ನಿಂತಿತು. ಆಮೇಲೆ ಅವನೂ ಒಂದು ತುತ್ತು ಬಾಯಿಗಿಟ್ಟುಕೊಂಡ. ಕಣ್ಣಲ್ಲಿ ನೀರು ಬಂತು, ಮುಚ್ಚಿಡಲೂ ಆಗಲಿಲ್ಲ.

ಚನ್ನವೀರಪ್ಪ ಕೊನೆಯ ತುತ್ತು ನುಂಗಿ, ನೀರು ಕುಡಿದು, ಬೆರಳನ್ನು ಕಾಗದಕ್ಕೆ ಒರೆಸಿಕೊಂಡ.

"ಉಂಡೆ," ಎಂದ. "ಇನ್ನ ಹೇಳು. ಯಾರು? ನನ್ನ ಮಗಳೇನು, ಅಕಿಯೇನು?"

"ವೈನಿ," ಎಂದ ಲಕ್ಷ್ಮಪ್ಪ.

ಚನ್ನವೀರಪ್ಪ ಕಣ್ಣು ಮುಚ್ಚಿದ. ಮುಚ್ಚಿದ ಕಣ್ಣಲ್ಲೇ ಕೇಳಿದ: "ಸುಧಾರಾಣಿ ಆರಾಮ ಅದಾಳಲ್ಲ?"

"ಅದಾಳಣ್ಣ. ಆರಾಮ ಅದಾಳ."

"ಅಕಿ ಭಾಳ ನರಳಿದ್ಲೇನು?"

"ಇಲ್ಲಂತ. ಅಕ್ಕಿ ಹಸನ ಮಾಡಾಕತ್ತಿದ್ಲಂತ, ಹಂಗ ಒರಗಿದ್ಲಂತ. ನಾಳೆ ಮುಂಜಾನಿ ಮಣ್ಣು."

ನಾಳೆ ಮುಂಜಾನೆ ಅಂದರೆ ತಾನು ಮುಟ್ಟಲಾರೆ ಎಂಬುದನ್ನು ಚನ್ನವೀರಪ್ಪ ಕೇಳಿ ತಿಳಿಯಬೇಕಾಗಿರಲಿಲ್ಲ. ಇವತ್ತು ರಾತ್ರಿ ಸರೋಜವ್ವನನ್ನು ಪಡಸಾಲೆಯಲ್ಲಿ ಗೋಡೆಗೆ ಆನಿಸಿ ಕೂರಿಸುತ್ತಾರೆ. ವಿಭೂತಿ ಹಚ್ಚುತ್ತಾರೆ, ಹೂ ಏರಿಸುತ್ತಾರೆ. ಬೆಳಗಾಗುವ ತನಕ ಎದುರಿಗೆ ಕುಳಿತು ಭಜನೆ ಮಾಡಬೇಕು. ತಿಳವಳ್ಳಿಯಲ್ಲಿ ಯಾರ ಮನೆಯಲ್ಲಿ ಸಾವಾದರೂ, ಉಳ್ಳವರಿರಲಿ ಇಲ್ಲದವರಿರಲಿ, ಇಷ್ಟು ವರ್ಷ ಹಾಗೆ ಕುಳಿತು ಹಾಡಿದ್ದು ಈ ನಾಲ್ವರೇ. ಈಗ ನಾಲ್ವರೂ ಇಲ್ಲಿದ್ದರು.

"ರಾತ್ರಿ ಪದಾ ಯಾರು ಹಾಡ್ತಾರ?" ಎಂದ ಚನ್ನವೀರಪ್ಪ.

"ಮಾಸೂರಿನ ಮ್ಯಾಳದವರನ್ನ ಕರಸ್ಯಾರಂತ."

ಚನ್ನವೀರಪ್ಪ ಖಾಲಿ ತಟ್ಟೆಯನ್ನು ಅತ್ತ ಸರಿಸಿದ.

"ಮಾಸೂರಿನವರು ಭಾಳ ಜೋರ ಹಾಡ್ತಾರ," ಎಂದ ಕೊನೆಗೆ. "ಮೈಕ್ ಇಟ್ಗೊಂಡು ಒದರ್ತಾರ. ಜೋರ ಹಾಡಿದ್ರ ಅಕಿಗೆ ತಲಿ ನೋಯ್ತತೊ."

ಲಕ್ಷ್ಮಪ್ಪ ಅವನ ತೊಡೆಯ ಮೇಲೆ ಕೈ ಇಟ್ಟ. ವಿದ್ಯಾಳಿಗೆ ಈಗ ಅರ್ಥವಾಗಿತ್ತು. ಅವಳು ಬಾಯಿಗೆ ಕೈ ಅಡ್ಡ ಹಿಡಿದು ಕುಳಿತುಬಿಟ್ಟಳು. ಆ ತುದಿಯಲ್ಲಿ ಮಹಾಂತೇಶನೂ ಶಂಭುಲಿಂಗನೂ ಏನೂ ತಿಳಿಯದೆ ಬ್ಯಾಂಡಿಗೆ ತಾಳ ಕುಟ್ಟುತ್ತಿದ್ದರು.

ಅಟ್ಟದ ಮೇಲೆ ಹೊಸ ಹಾಡು ಶುರುವಾಯಿತು. ಜನರಿಗೆಲ್ಲ ಬಾಯಿಪಾಠವಿದ್ದ ಹಾಡಿರಬೇಕು. ಇಡೀ ತೋಟ ಒಮ್ಮೆಲೇ ಹೋ ಎಂದಿತು. ಬೆಂಚುಬೆಂಚಿನಲ್ಲಿ ಕೂತವರು ಪಕ್ಕದವರ ತೋಳಿಗೆ ತೋಳು ಸಿಕ್ಕಿಸಿ ಎಡಕ್ಕೂ ಬಲಕ್ಕೂ ತೂಗಾಡಲು ಹತ್ತಿದರು. ಚನ್ನವೀರಪ್ಪನ ಬಲಕ್ಕೆ ಕೂತಿದ್ದ, ಹೂವಿನ ಅಂಗಿಯ ದಪ್ಪನೆಯ ಅಜ್ಜಿಯೊಬ್ಬಳು ಅವನ ಕಡೆ ನಕ್ಕು ಅವನ ತೋಳಿಗೆ ತನ್ನ ತೋಳು ಸಿಕ್ಕಿಸಿಕೊಂಡಳು. ವಿದ್ಯಾ ಬೇಡವೆನ್ನಲು ಅರ್ಧ ಎದ್ದಳು. ಚನ್ನವೀರಪ್ಪ ಇರಲಿ ಎಂದು ತಲೆಯಾಡಿಸಿದ.

ಅಜ್ಜಿ ಅತ್ತ ಎಳೆದರೆ ಅವನು ಅತ್ತ ವಾಲಿದ, ಇತ್ತ ತಳ್ಳಿದರೆ ಇತ್ತ. ಎಡಗಡೆ ಹಿಡಿಯುವವರಿಲ್ಲದೆ ಜೋಲುತ್ತಿದ್ದ ಅವನ ಇನ್ನೊಂದು ತೋಳನ್ನು ಲಕ್ಷ್ಮಪ್ಪ ಹಿಡಿದುಕೊಂಡ. ಮೂವರೂ ತೂಗಾಡಿದರು. ಚನ್ನವೀರಪ್ಪನ ತುಟಿ ಅಲುಗುತ್ತಿದ್ದವು. ಏನು ಹಾಡುತ್ತಿದ್ದನೆಂದು ಆ ಗದ್ದಲದಲ್ಲಿ ಅಜ್ಜಿಗೆ ಕೇಳಿಸಲಿಲ್ಲ, ಲಕ್ಷ್ಮಪ್ಪನಿಗೂ ಕೇಳಿಸಲಿಲ್ಲ. ಮೈಗೆ ಮೈ ತಾಗಿದ್ದರಿಂದ ಅವನ ಪಕ್ಕೆಯೊಳಗೆ ದನಿ ಸಣ್ಣಗೆ ಗುಂಯ್‌ಗುಡುವುದು ಮಾತ್ರ ತಿಳಿಯುತ್ತಿತ್ತು.