ತಿಪ್ಪಿಯ ಇನ್ನೊಂದು ಹೆಸರು

1

ಎಲ್ಲಿಂದ ಶುರು ಮಾಡಲಿ? ಕೂಸಿನಿಂದ ಎಂದರೆ ಅದಕ್ಕೆ ಹೆಸರಿಲ್ಲ. ಹೆಸರಿಲ್ಲದ ತಿಂಗಳ ಕೂಸನ್ನು ಓದುಗರ ಕೈಗೆ ಹೇಗೆ ಕೊಡುವುದು? ಮೊದಲ ಡ್ರಾಫ್ಟಿನಲ್ಲಿ 'ಪೂರ್ವಾ' ಎಂದಿಟ್ಟಿದ್ದೆ. ತಾಯಿ ಶಿವಕಾಂತಾ ತಕರಾರು ತೆಗೆದಳು.

"ಹೆಸರ ಅಳಸ್ರಿ ಸರ. ಮೊದಲಿನ ಎರಡಕ್ಕೂ ಚಂದ ಚಂದ ಹೆಸರ ಇಟ್ಟಿದ್ದೆ. ಎರಡೂ ಉಳೀಲಿಲ್ಲ. ಇದು ತಿಪ್ಪಿ. ತಿಪ್ಪ್ಯಾಗ ಹೊಳ್ಳಾಡಿಸಿ ಎತ್ತಿಕೊಂಡೀನಿ. ಕಸ ಅಂದ್ರ ಯಮಗೂ ಬ್ಯಾಡ."

(ಪುಣೆಯ ಧನಕವಡಿಯಲ್ಲಿ ತಿಪ್ಪೆ ಎಲ್ಲಿ ಎಂದು ಕೇಳಬೇಡಿ. ಗಂಡ ಅಂಬಾದಾಸನೊಂದಿಗೆ ಅವಳು ಇಟ್ಟಿಗೆ ಹೊರುವ ಬಿಲ್ಡಿಂಗಿನ ಹಿಂದೆ ಕಸದ ಗುಡ್ಡೆಯಿದೆ. ಅವರೂರು ಯಾದಗಿರಿಯ ಶಾಸ್ತ್ರ ಅಲ್ಲೇ ಮುಗಿಯಿತು.)

2

ಅಳಿಸಿದೆ. ಅವಳ ಅಂಜಿಕೆ ಸುಳ್ಳಲ್ಲ. ನಾವು ಕಥೆಗಾರರು ಕೂಸಿಗೆ ಹೆಸರಿಡುವುದು ನಿಮಗೆ ಅಕ್ಕರೆ ಹುಟ್ಟಲೆಂದು. ಅಕ್ಕರೆ ಹುಟ್ಟಿದ ಮೇಲೆ ಏನು ಮಾಡುತ್ತೇವೆಂದು ನಿಮಗೂ ಗೊತ್ತು.

ಮೊದಲ ಮಗಳನ್ನು 'ತನುಶ್ರೀ' ಎಂದು ಕರೆದ ದಿನವೇ ಶಿವಕಾಂತಾಳಿಗೆ ಅವಳ ಗಲ್ಲದ ಕುಳಿ ಕಂಡಿತ್ತು, ತನ್ನವ್ವನ ಮೂಗು ಕಂಡಿತ್ತು. ತಿಪ್ಪಿಯಲ್ಲಿ ಅವಳು ಏನನ್ನೂ ಹುಡುಕುವುದಿಲ್ಲ. ಹಸಿದರೆ ಹಾಲು, ಒದ್ದೆಯಾದರೆ ಬಟ್ಟೆ. ಮೂರು ದಿನದಿಂದ ಮೈ ಸುಡುತ್ತಿದ್ದರೂ, "ತಿಪ್ಪಿಗೇನಾಗ್ತದ, ನೆಗಡಿ" ಎಂದುಬಿಟ್ಟಳು. ಕೊನೆಗೆ ಅಂಬಾದಾಸನೇ ಜಗಳ ಮಾಡಿ ದವಾಖಾನೆಗೆ ಕಳಿಸಿದ.

3 (ಎರಡು ಸಲ ಹರಿದು ಬರೆದದ್ದು)

ನರ್ಸ್ ಕೇತಕಿ ಕೂಸಿನ ಅಂಗಿ ಎತ್ತಿ ನೋಡಿದಳು. "ನ್ಯುಮೋನಿಯಾ ವಾಟತೋಯ್," ಎಂದಳು, ಇದ್ದಂತೆ ಕಾಣುತ್ತದೆ ಎಂದು.

ಆ ಶಬ್ದ ಕಿವಿಗೆ ಬಿದ್ದ ಮೇಲೆಯೇ ಶಿವಕಾಂತಾಳಿಗೆ ಕಂಡಿತು. ಉಸಿರಿಗೊಮ್ಮೆ ಪಕ್ಕೆಲುಬಿನ ಕೆಳಗೆ ಗುಳಿ ಬೀಳುತ್ತಿದೆ. ಮೂರು ದಿನದಿಂದಲೂ ಬೀಳುತ್ತಿತ್ತು. ನನಗೂ ಈಗಲೇ ಕಂಡದ್ದು.

"ನಾಂವ ಕಾಯ ಬಾಳಾಚಂ?" ಕೇತಕಿ ಪೆನ್ನು ಹಿಡಿದು ಕೂಸಿನ ಹೆಸರು ಕೇಳಿದಳು. ಶಿವಕಾಂತಾ ಕೂಸಿನ ಅಂಗಿ ಕೆಳಗೆಳೆದಳು. 'ಬೇಬಿ ಆಫ್ ಶಿವಕಾಂತಾ' ಎಂದು ಬರೆದುಕೊಂಡು ಹೋದಳು.

ಮುಕ್ತಾಯ ಅ: ಜ್ವರ ಇಳಿಯುತ್ತದೆ, ತೊಟ್ಟಿಲು ಕಟ್ಟುತ್ತಾರೆ. (ಇಷ್ಟು ಸಲೀಸಾದರೆ ನೀವೇ ನಂಬುವುದಿಲ್ಲ.)

ಮುಕ್ತಾಯ ಆ:

"ಅದನ್ನ ಬರೀಬ್ಯಾಡ್ರಿ," ಎಂದಳು ಶಿವಕಾಂತಾ. ಬರೆಯಲಿಲ್ಲ.

ಆಮೇಲೆ ನನ್ನ ಯಾವ ಡ್ರಾಫ್ಟಿನಲ್ಲೂ ಇಲ್ಲದ್ದನ್ನು ಅವಳೇ ಮಾಡಿದಳು. ಕೂಸಿನ ಕಿವಿಗೆ ಬಾಯಿ ಹಚ್ಚಿ ಏನೋ ಅಂದಳು. ಇನ್ನೊಮ್ಮೆ ಅಂದಳು. ನಂತರ ಅದರ ಮುಖವನ್ನು, ಹುಬ್ಬು, ತುಟಿ, ಗದ್ದ ಎಂದು ಒಂದೊಂದಾಗಿ ನೋಡುತ್ತ ಅಳತೊಡಗಿದಳು.

"ಏನಂತ ಕರೆದೆಯವ್ವ?" ಎಂದೆ.

"ನಿಮಗ್ಯಾಕ್ರಿ? ನೀವು ಬರದ್‌ಬಿಡ್ತೀರಿ."

ಕೂಸನ್ನು ಎದೆಗವಚಿಕೊಂಡು ಒಳಗೆ ಹೋದಳು, ಬಾಗಿಲು ಮುಚ್ಚಿತು. ನಾನು ಹೊರಗೆ ಬೆಂಚಿನ ಮೇಲೆ ಕೂತಿದ್ದೇನೆ. ಡಾಕ್ಟರು ಹೊರಬಂದರೆ ಏನೆಂದು ಕೇಳಲಿ? ಯಾರು ಹೇಗಿದ್ದಾಳೆ ಎನ್ನಲಿ?